ಚನ್ನವೀರಪ್ಪನವರು ಮಗಳನ್ನು ಒಪ್ಪಿಸಿದ್ದು

ಕುಷ್ಟಗಿಯ ಪಾತ್ರೆ ಅಂಗಡಿ ಚನ್ನವೀರಪ್ಪನವರು ಬೆಂಗಳೂರಿನ ಹೊರವಲಯದ ಚಿಕ್ಕಬಾಣಾವರದಲ್ಲಿ ಬಂದಿಳಿದಾಗ ಅವರ ಜೊತೆಗಿದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಎಂಜಿನಿಯರಿಂಗ್ ಸೀಟು ಸಿಕ್ಕಿದ ಮಗಳು ಶೈಲಶ್ರೀ ಮತ್ತು ಹೆಂಡತಿ ಸಿದ್ದಕ್ಕನ ಒಂದು ಅಪ್ಪಣೆ. ಟ್ರಂಕನ್ನು ಆಟೋದವನು ಇಳಿಸಿದ, ಹಾಸಿಗೆಯನ್ನು ಇವರು ಹೊತ್ತರು, ಮಗಳು ತಾನೇ ನಡೆದು ಬಂದಳು. ಅಪ್ಪಣೆ ಮಾತ್ರ ಹೆಗಲಿನಿಂದ ಇಳಿಯಲಿಲ್ಲ.

“ಹುಡುಗಿನ್ನ ಮಾಸ್ತರ ಕೈಯಾಗ ಒಪ್ಪಿಸಿ ಬರ್ರಿ,” ಎಂದಿದ್ದಳು ಸಿದ್ದಕ್ಕ. “ಒಪ್ಪಿಸಾಕ ಆಗಲಿಲ್ಲಂದ್ರ ಹಂಗ ತಿರುಗಿ ಕರಕೊಂಡು ಬರ್ರಿ. ಇಲ್ಲೇ ಊರಾಗ ಬಿ.ಎ. ಮಾಡ್ಲಿ. ಯಾರೂ ಗೊತ್ತಿಲ್ಲದ ಊರಾಗ ಕೂಸಿನ್ನ ಬಿಟ್ಟು ನನಗ ಅನ್ನ ಇಳಿಯಾಂಗಿಲ್ಲ.”

ಒಪ್ಪಿಸುವುದೆಂದರೆ ಅವರ ಮನೆತನದಲ್ಲಿ ಬಾಯಿಮಾತಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಗಿಟ್ಟು, ‘ಇನ್ನ ಇದು ನಿಮ್ಮ ಕೂಸು’ ಎನ್ನಬೇಕು. ಮೇಷ್ಟ್ರು ‘ಆತು’ ಎನ್ನಬೇಕು. ಶೈಲಶ್ರೀಯನ್ನು ಒಂದನೇ ಕ್ಲಾಸಿಗೆ ಹೀಗೇ ಒಪ್ಪಿಸಿದ್ದರು, ಹೈಸ್ಕೂಲಿಗೂ ಒಪ್ಪಿಸಿದ್ದರು, ಪಿಯುಸಿಗೂ ಒಪ್ಪಿಸಿದ್ದರು. ಹಾಗೆ ‘ಆತು’ ಎಂದ ಮೇಷ್ಟ್ರುಗಳು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ಹುಡುಗಿಯ ಮಾರ್ಕ್ಸು ಕೇಳುತ್ತಾರೆ, ಕಡಿಮೆ ಬಂದಿದ್ದರೆ ಚನ್ನವೀರಪ್ಪನವರನ್ನೇ ಗದರಿಸುತ್ತಾರೆ. ಅಷ್ಟು ಗಟ್ಟಿಯಾದ ವ್ಯವಹಾರ ಅದು.

ಚಿಕ್ಕಬಾಣಾವರ ಆಗ, ಅಂದರೆ ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ, ಕಾಲೇಜುಗಳ ಊರಾಗಿಬಿಟ್ಟಿತ್ತು. ಊರಿನ ರೈತರು ಹೊಲವನ್ನು ಕಾಲೇಜಿಗೆ ಮಾರಿ, ಉಳಿದ ಕಣದಲ್ಲಿ ಕಾಲೇಜಿಗೆ ಬಂದವರಿಗೆ ರೂಮು ಕಟ್ಟಿಸಿದ್ದರು. ರಾಗಿ ಬೆಳೆಯುತ್ತಿದ್ದಲ್ಲಿ ಜೆರಾಕ್ಸ್ ಅಂಗಡಿಗಳು ಬೆಳೆದಿದ್ದವು. ಎರಡು ಜೆರಾಕ್ಸ್ ಅಂಗಡಿಗಳ ನಡುವೆ ಒಂದು ಆಂಧ್ರ ಮೆಸ್ಸು, ಎರಡು ಮೆಸ್ಸುಗಳ ನಡುವೆ ಒಂದು ಪೀಜಿ. ಬೀದಿಯಲ್ಲಿ ತೆಲುಗು ಕೇಳಿಸಿತು, ಹಿಂದಿ ಕೇಳಿಸಿತು, ಯಾವ ಸೀಮೆಯದೆಂದು ತಿಳಿಯದ ಇನ್ನೆರಡು ಭಾಷೆ ಕೇಳಿಸಿದವು. ಕನ್ನಡ ಕೇಳಿಸಿದ್ದು ಮನೆ ಮಾಲೀಕ ಆಂಜಿನಪ್ಪನ ಬಾಯಲ್ಲಿ, ಅದೂ ಷರತ್ತುಗಳ ರೂಪದಲ್ಲಿ.

“ನೋಡಿ ಸಾಮಿ, ಒಂಟಿ ಎಣ್ಮಕ್ಕಳಿಗೆ ನಾವು ರೂಮ್ ಕೊಡಾಕಿಲ್ಲ,” ಎಂದ ಆಂಜಿನಪ್ಪ, ಮಹಡಿ ರೂಮಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ. “ಈ ಊರಾಗೆ ಅವರ ಪರವಾಗಿ ಜವಾಬ್ದಾರಿ ತಕ್ಕಳೋರು ಒಬ್ರು ಇರ್ಬೇಕು. ಯಾರವ್ರೆ?”

“ಕಾಲೇಜಿನ ಮಾಸ್ತರು ಅದಾರ್ರೀ.”

“ಎಸ್ರೇನು?”

“ಅದನ್ನ ನಾಳೆ ಹೇಳ್ತೀನ್ರಿ.”

ಆಂಜಿನಪ್ಪ ಹೆಂಡತಿ ಭಾಗ್ಯಮ್ಮನ ಮುಖ ನೋಡಿದ. ಭಾಗ್ಯಮ್ಮ ಟ್ರಂಕಿನ ಮೇಲೆ ಕೂತು ತೂಕಡಿಸುತ್ತಿದ್ದ ಹುಡುಗಿಯ ಮುಖ ನೋಡಿ, “ಒಂದಿನ ಇರ್ಲಿ ಬಿಡಿ ಅತ್ಲಾಗೆ,” ಎಂದಳು. ಆಂಜಿನಪ್ಪ ಒಪ್ಪಿದ, ಆದರೆ ನಾಳೆ ಸಂಜೆಯೊಳಗೆ ಹೆಸರು ಹೇಳಬೇಕು, ಇಲ್ಲವಾದರೆ ಟ್ರಂಕು ಬಂದ ದಾರಿಯಲ್ಲೇ ಹೋಗಬೇಕು ಎಂದ. ಹೀಗೆ ಹುಡುಗಿಯ ಓದು, ಹುಡುಗಿಯ ರೂಮು ಎರಡೂ ಒಬ್ಬ ಮೇಷ್ಟ್ರ ‘ಆತು’ ಎಂಬ ಒಂದು ಮಾತಿಗೆ ನೇತುಬಿದ್ದವು. ಆ ಮೇಷ್ಟ್ರು ಯಾರೆಂದು ಚನ್ನವೀರಪ್ಪನವರಿಗೆ ಇನ್ನೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶೈಲಶ್ರೀ ಬೇಗ ಹೊರಟಳು. ಎಲ್ಲ ವಿದ್ಯಾರ್ಥಿಗಳೂ ತಲೆ ಬಾಚಿಕೊಂಡು ಯೂನಿಫಾರಮ್ಮಿನಲ್ಲಿ ತಮ್ಮ ತಮ್ಮ ಕ್ಲಾಸಿನಲ್ಲಿ ಕೂತಿರತಕ್ಕದ್ದು ಎಂದು ಕಾಲೇಜಿನಿಂದ ಫೋನು ಬಂದಿತ್ತು. “ಅಪ್ಪಾ, ನೀ ಹಿಂದಿನಿಂದ ಬಾ. ಎಚ್‌ಒಡಿ ಯಾರು ಅಂತ ಕೇಳು. ಡಿಪಾರ್ಟ್‌ಮೆಂಟಿಗೆ ಅವ್ರೇ ದೊಡ್ಡ ಮಾಸ್ತರು,” ಎಂದು ಹೇಳಿ ಹೋದಳು.

ಚನ್ನವೀರಪ್ಪನವರು ಹಿಂದೆ ಉಳಿದದ್ದಕ್ಕೆ ಕಾರಣ ಕೋಟು. ಅದು ಅವರ ಮದುವೆಯ ಕೋಟು. ಅದರ ಗುಂಡಿಗಳು ಕೂಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದರೂ ಬಣ್ಣ ಮಾತ್ರ ಮಾಸಿರಲಿಲ್ಲ. ಪಾತ್ರೆ ಅಂಗಡಿಯವನೆಂದು ದೊಡ್ಡ ಮೇಷ್ಟ್ರು ಹಗುರವಾಗಿ ನೋಡಬಾರದು, ಮಗಳಿಗೆ ಕಾಲೇಜಿನಲ್ಲಿ ಒಂದು ತೂಕ ಬರಬೇಕು ಎಂಬುದು ಅವರ ಲೆಕ್ಕಾಚಾರ. ಭಾಗ್ಯಮ್ಮನ ಇಸ್ತ್ರಿ ಪೆಟ್ಟಿಗೆ ಕೇಳಿ ತಂದು ಕೋಟಿಗೆ ಇಸ್ತ್ರಿ ಹಾಕಿದರು. ಜೇಬಿಗೆ ಎರಡು ಪೆನ್ನು ಸಿಕ್ಕಿಸಿದರು. ಕಾಯಿ ಬೆಲ್ಲದ ಕೈಚೀಲ ಹಿಡಿದು ರೈಲ್ವೆ ಸ್ಟೇಷನ್ ರಸ್ತೆಗೆ ಬಂದು ನಿಂತಾಗ ಅವರನ್ನು ನೋಡಿದ ಯಾರೂ ಪಾತ್ರೆ ನೆನಪು ಮಾಡಿಕೊಳ್ಳುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡುವುದು ಒಳ್ಳೆಯದು. ಶೈಲಶ್ರೀ ಸೇರಿದ ಜ್ಞಾನಮುಕುಟ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಹೊಸ ಕಾಲೇಜು. ಕಟ್ಟಡವಿತ್ತು, ಗೇಟಿತ್ತು, ಗೇಟಿನ ಮೇಲೆ ಸರಸ್ವತಿ ಇದ್ದಳು. ಮೇಷ್ಟ್ರುಗಳು ಮಾತ್ರ ಇನ್ನೂ ಬರುವುದರಲ್ಲಿದ್ದರು. ಅಷ್ಟರಲ್ಲಿ ಕಾಲೇಜಿಗೆ ಮಾನ್ಯತೆ ಕೊಡುವ ಕಮಿಟಿ ತನಿಖೆಗೆ ಬರುವ ದಿನ ಬಂದುಬಿಟ್ಟಿತು. ಮೇಷ್ಟ್ರುಗಳಿಲ್ಲವೆಂದು ಕಮಿಟಿ ಬರೆದರೆ ಕಾಲೇಜಿಗೆ ಬೀಗ. ಆದ್ದರಿಂದ ಆವತ್ತೊಂದು ದಿನದ ಮಟ್ಟಿಗೆ ಕೋಟು ತೊಟ್ಟ ಮಹನೀಯರನ್ನು ಬೇರೆ ಬೇರೆ ಊರುಗಳಿಂದ ರೈಲಿನಲ್ಲಿ ಕರೆಸಲಾಗಿತ್ತು. ಅವರನ್ನು ಸ್ಟೇಷನ್ನಿನಿಂದ ತುಂಬಿಕೊಂಡು ಹೋಗಲು ಕಾಲೇಜಿನ ವ್ಯಾನು ಬಂದಿತ್ತು. ವ್ಯಾನಿನ ಮುಂದಿನ ಸೀಟಿನಲ್ಲಿ ಕಾಲೇಜಿನ ಮ್ಯಾನೇಜರ್ ಮನು ಕೂತಿದ್ದ. ಅವನಿಗೆ ಬಂದವರ ಮುಖಪರಿಚಯ ಇರಲಿಲ್ಲ. ಕೋಟಿನ ಪರಿಚಯ ಇತ್ತು.

“ಸಾರ್, ಜ್ಞಾನಮುಕುಟಕ್ಕೇನಾ?” ಎಂದ ಮನು ವ್ಯಾನು ನಿಲ್ಲಿಸಿ.

“ಹೌದ್ರೀ.”

“ಹತ್ತಿ ಹತ್ತಿ. ನಿಮಗೇ ಕಾಯ್ತಿದ್ವಿ. ಕಮಿಟಿಯೋರು ಬರೋಷ್ಟ್ರಲ್ಲಿ ಸೀಟಲ್ಲಿರ್ಬೇಕು.”

ಮಗಳನ್ನು ಬಿಡಲು ಬಂದ ಅಪ್ಪಂದಿರನ್ನು ಕಾಲೇಜಿನವರು ವ್ಯಾನು ಕಳಿಸಿ ಕರೆಸಿಕೊಳ್ಳುವುದೆಂದರೆ ಏನು ಮರ್ಯಾದೆ ಎಂದು ಚನ್ನವೀರಪ್ಪನವರ ಕಣ್ಣು ತೇವವಾಯಿತು. ಕಮಿಟಿ ಎಂದದ್ದನ್ನು ಅವರು ತಲೆಗೆ ಹಚ್ಚಿಕೊಳ್ಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಗಣಪತಿ ಕೂರಿಸುವ ಕಮಿಟಿ ಒಂದೇ. ವ್ಯಾನಿನೊಳಗೆ ಇನ್ನೂ ಹಲವು ಕೋಟುಗಳು ಮೌನವಾಗಿ ಕೂತಿದ್ದವು. ಎಲ್ಲರೂ ತನ್ನ ಹಾಗೆ ಅಪ್ಪಂದಿರೇ ಎಂದುಕೊಂಡು ಅವರು ಒಬ್ಬ ಸಣಕಲು ಮನುಷ್ಯನ ಪಕ್ಕ ಕೂತರು.

“ಯಾವ ಬ್ರಾಂಚ್ ಸಾರ್?” ಎಂದ ಆತ.

“ಎಲೆಕ್ಟ್ರಾನಿಕ್ಸ್ ರೀ. ನಿಮ್ದು?”

“ಮೆಕ್ಯಾನಿಕಲ್. ನಿಮಗೆ ಇದು ಮೊದಲ್ನೇ ಸಲ ಅನ್ಸುತ್ತೆ.”

“ಹೌದ್ರೀ. ನಿಮಗ?”

“ಅಯ್ಯೋ, ನಾನು ಹೋದ ವಾರ ತಾನೇ ಇನ್ನೊಂದು ಕಾಲೇಜು ಮುಗಿಸ್ಕೊಂಡು ಬಂದೆ. ಸೀಸನ್ನಲ್ಲಿ ಆರೇಳು ಆಗ್ತವೆ.”

ಚನ್ನವೀರಪ್ಪನವರು ಆತನ ಸಣಕಲು ಭುಜಗಳನ್ನು ಮರುಕದಿಂದ ನೋಡಿದರು. ಆರೇಳು ಮಕ್ಕಳು. ಆರೇಳೂ ಬೇರೆ ಬೇರೆ ಕಾಲೇಜಿನಲ್ಲಿ. ಒಬ್ಬ ಮಗಳಿಗೇ ತಾನು ಹೀಗೆ ಏದುಸಿರು ಬಿಡುತ್ತಿರುವಾಗ ಈ ಮನುಷ್ಯ ಹೇಗೆ ತಡೆದುಕೊಂಡಿದ್ದಾನೋ.

“ಎಲ್ಲಾನೂ ಎಂಜಿನಿಯರಿಂಗೇ ಏನ್ರೀ?”

“ಎಲ್ಲಾ ಎಂಜಿನಿಯರಿಂಗೇ. ಒಂದು ಮಾತ್ರ ಪಾಲಿಟೆಕ್ನಿಕ್.”

“ಮನ್ಯಾಗ ಏನೂ ಅನ್ನಾಂಗಿಲ್ಲೇನ್ರಿ?”

“ಮೊದಮೊದ್ಲು ಬೈತಿದ್ಲು. ಈಗ ಅವಳಿಗೂ ಅಭ್ಯಾಸ ಆಗಿದೆ ಸಾರ್.”

ಆ ತಾಯಿಯನ್ನು ನೆನೆದು ಚನ್ನವೀರಪ್ಪನವರು ಮನಸ್ಸಿನಲ್ಲೇ ಕೈ ಮುಗಿದರು.

ಕಾಲೇಜಿನಲ್ಲಿ ಮನು ಒಬ್ಬೊಬ್ಬ ಕೋಟನ್ನೂ ಒಂದೊಂದು ಕೋಣೆಗೆ ತಳ್ಳುತ್ತಾ ಬಂದ. ಚನ್ನವೀರಪ್ಪನವರ ಪಾಲಿಗೆ ಬಂದದ್ದು ಹೊಸ ಬಣ್ಣದ ವಾಸನೆಯ ಒಂದು ಕೋಣೆ. ಬಾಗಿಲ ಮೇಲೆ ‘ಎಚ್‌ಒಡಿ, ಎಲೆಕ್ಟ್ರಾನಿಕ್ಸ್’ ಎಂಬ ಬೋರ್ಡಿತ್ತು. ಸರಿಯಾದ ಜಾಗಕ್ಕೇ ಬಂದೆ ಎಂದು ಅವರಿಗೆ ನೆಮ್ಮದಿಯಾಯಿತು. ಮೇಜಿನ ಈಚೆಗಿದ್ದ ಸಣ್ಣ ಕುರ್ಚಿಯಲ್ಲಿ ಕೂರಹೋದರು.

“ಅಲ್ಲಲ್ಲ, ಆ ಕಡೆ ಕೂತ್ಕೊಳ್ಳಿ ಸಾರ್,” ಎಂದು ಮನು ಅವರ ತೋಳು ಹಿಡಿದು ಮೇಜಿನ ಆಚೆಯ ಗಾಲಿ ಕುರ್ಚಿಯಲ್ಲಿ ಕೂರಿಸಿದ.

“ಬ್ಯಾಡ್ರೀ, ದೊಡ್ಡವ್ರ ಕುರ್ಚಿ.”

“ಪರವಾಗಿಲ್ಲ ಸಾರ್, ಫ್ರೀಯಾಗಿರಿ.”

“ಎಚ್‌ಒಡಿ ಸಾಹೇಬ್ರು ಯಾವಾಗ ಬರ್ತಾರ್ರೀ?”

ಮನು ಗೊಳ್ಳನೆ ನಕ್ಕ. “ಒಳ್ಳೇ ತಮಾಷೆ ಮಾಡ್ತೀರ ಸಾರ್. ಈ ಟೆನ್ಷನ್ನಲ್ಲೂ ನಗಿಸ್ತೀರಲ್ಲ,” ಎಂದು ಹೇಳಿ ಮುಂದಿನ ಕೋಣೆಗೆ ಓಡಿದ.

ಇದರಲ್ಲಿ ನಗುವುದೇನಿದೆ ಎಂದು ತಿಳಿಯದೆ ಚನ್ನವೀರಪ್ಪನವರು ಕೂತರು. ಕುರ್ಚಿ ತಿರುಗಿತು. ಕಾಲೂರಿ ನಿಲ್ಲಿಸಿದರು. ಬಾಗಿಲು ನೋಡುತ್ತಾ ಬಹಳ ಹೊತ್ತು ಕಾದರು. ಕೈಚೀಲದಿಂದ ಕಾಯಿ, ಎಲೆ ಅಡಿಕೆ, ಬೆಲ್ಲ ತೆಗೆದು ಮೇಜಿನ ಮೇಲೆ ಚೊಕ್ಕಟವಾಗಿ ಜೋಡಿಸಿಟ್ಟರು.

ಕಡೆಗೂ ಬಾಗಿಲು ತೆರೆಯಿತು. ಮುಂದೆ ಬೆಳ್ಳಿ ಕೂದಲಿನ ಒಬ್ಬ ಎತ್ತರದ ಮುದುಕರು, ಹಿಂದೆ ಕನ್ನಡಕದ ಒಬ್ಬ ಮೇಡಂ, ಅವರ ಹಿಂದೆ ಬೆವರುತ್ತಿದ್ದ ಮನು. ಮುದುಕರು ಪರರಾಜ್ಯದವರು, ಕಮಿಟಿಯ ಅಧ್ಯಕ್ಷರು, ಮಾತೆಲ್ಲ ಇಂಗ್ಲಿಷು. ಮೇಡಂ ಮೈಸೂರಿನ ಕಡೆಯವರು, ಕಮಿಟಿಯ ಸದಸ್ಯೆ. ಚನ್ನವೀರಪ್ಪನವರು ಮುದುಕರ ಬೆಳ್ಳಿ ಕೂದಲು ನೋಡಿದ್ದೇ ಇವರೇ ಎಚ್‌ಒಡಿ ಎಂದು ತೀರ್ಮಾನಿಸಿ ಎದ್ದು ನಿಂತರು.

ಅಧ್ಯಕ್ಷರು ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಕೇಳಿದರು. ಚನ್ನವೀರಪ್ಪನವರು ಮೇಡಂ ಕಡೆ ನೋಡಿದರು.

“ನಿಮ್ಮ ಡಿಪಾರ್ಟ್‌ಮೆಂಟಿನ ಮಕ್ಕಳಿಂದ ನೀವು ಏನು ನಿರೀಕ್ಷೆ ಮಾಡ್ತೀರ ಅಂತ ಕೇಳ್ತಿದ್ದಾರೆ,” ಎಂದರು ಮೇಡಂ.

ಅಪ್ಪಂದಿರ ಅಭಿಪ್ರಾಯ ಕೇಳುವ ಕಾಲೇಜು. ಚನ್ನವೀರಪ್ಪನವರು ಗಂಟಲು ಸರಿಮಾಡಿಕೊಂಡರು. “ಹುಡುಗೂರು ವ್ಯಾಳ್ಯಾಕ್ಕ ಸರಿಯಾಗಿ ಉಣಬೇಕ್ರೀ. ಹೇಳಿದ್ದು ತಿಳೀಲಿಲ್ಲಂದ್ರ ನಾಚಿಕೊಳ್ಳದ ಕೇಳಬೇಕು. ಕತ್ತಲಾಗೂದ್ರಾಗ ಮನಿ ಸೇರಬೇಕು. ಇಷ್ಟ ಆದ್ರ ಉಳಿದದ್ದು ತಾನ ಬರ್ತೈತಿ.”

ಮನು ಮುಂದೆ ಬಂದು ಇದನ್ನು ಇಂಗ್ಲಿಷಿಗೆ ತಿರುಗಿಸಿದ. ಉಣ್ಣುವುದು ಆರೋಗ್ಯ ನೀತಿಯಾಯಿತು, ನಾಚಿಕೊಳ್ಳದಿರುವುದು ಸಂಶೋಧನಾ ಪ್ರವೃತ್ತಿಯಾಯಿತು, ಮನೆ ಸೇರುವುದು ವಿದ್ಯಾರ್ಥಿ ಸುರಕ್ಷತಾ ಯೋಜನೆಯಾಯಿತು. ಅಧ್ಯಕ್ಷರು ತಲೆಯಾಡಿಸುತ್ತಾ ಬರೆದುಕೊಂಡರು.

ಮುದುಕರ ಮುಖ ಮೆತ್ತಗಾದದ್ದನ್ನು ಕಂಡ ಚನ್ನವೀರಪ್ಪನವರಿಗೆ ಇದೇ ಒಳ್ಳೆಯ ಗಳಿಗೆ ಎನಿಸಿತು. ಕಾಯಿ, ಎಲೆ, ಬೆಲ್ಲ ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದರು.

ಮನು ಗೋಡೆಗೆ ಒರಗಿದ. ಅಧ್ಯಕ್ಷರು ಬಿಸಿ ತಾಗಿದವರಂತೆ ಕೈ ಹಿಂದಕ್ಕೆಳೆದುಕೊಂಡರು. “ಉಡುಗೊರೆ ಎಲ್ಲ ತಗೊಳ್ಳೋ ಹಾಗಿಲ್ಲ,” ಎಂದು ಮೇಡಂ ಗಡುಸಾಗಿ ಹೇಳಿದರು. “ಇದನ್ನ ನಾವು ಬರೀಬೇಕಾಗುತ್ತೆ.”

“ಉಡುಗೊರಿ ಅಲ್ರೀ ತಾಯಿ. ಮಗಳನ್ನ ಒಪ್ಪಿಸೂದು.”

“ಏನು ಮಾಡೋದು?”

“ಒಪ್ಪಿಸೂದು. ಇನ್ನ ಇದು ನಿಮ್ಮ ಕೂಸು ಅಂತ ಹೇಳಿ ಕೊಡೂದು. ನನ್ನ ಮಗಳು ಇಲ್ಲೇ ಎಲೆಕ್ಟ್ರಾನಿಕ್ಸ್ ಕಲಿಯಾಕ ಹತ್ಯಾಳ್ರೀ. ಮೊದಲನೇ ವರ್ಷ.”

ಮೇಡಂ ಕನ್ನಡಕ ತೆಗೆದರು. “ನಿಮ್ಮ ಸ್ವಂತ ಮಗಳನ್ನ ಇದೇ ಕಾಲೇಜಿಗೆ ಸೇರಿಸಿದ್ದೀರಾ?”

“ಮತ್ತೆಲ್ಲಿ ಸೇರಿಸ್ಲೀ ತಾಯಿ?”

ಮೇಡಂ ಅಧ್ಯಕ್ಷರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದರು. ಅಧ್ಯಕ್ಷರು ಬರೆಯುವುದನ್ನು ನಿಲ್ಲಿಸಿ ಚನ್ನವೀರಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ಹೇಳಿದ್ದನ್ನು ಮೇಡಂ ಕನ್ನಡದಲ್ಲಿ ಹೇಳಿದರು. “ಸಾರ್ ದೇಶ ಪೂರ್ತಿ ಕಾಲೇಜು ನೋಡಿದ್ದಾರಂತೆ. ಮೇಷ್ಟ್ರುಗಳು ತಮ್ಮ ಮಕ್ಕಳನ್ನ ಬೇರೆ ಎಲ್ಲಿಗಾದ್ರೂ ಕಳಿಸ್ತಾರಂತೆ, ತಾವು ಪಾಠ ಮಾಡೋ ಕಾಲೇಜಿಗೆ ಮಾತ್ರ ಕಳಿಸಲ್ವಂತೆ. ನಿಮ್ಮಂಥವರನ್ನ ಇವತ್ತೇ ನೋಡಿದ್ದಂತೆ.”

ಮೇಷ್ಟ್ರುಗಳ ಮಕ್ಕಳ ವಿಷಯ ತನಗೇಕೆ ಹೇಳುತ್ತಿದ್ದಾರೆಂದು ಚನ್ನವೀರಪ್ಪನವರಿಗೆ ಅರ್ಥವಾಗಲಿಲ್ಲ. ಆದರೂ, “ಹಂಗಾದ್ರ ಇಸಗೋರಿ,” ಎಂದು ಕಾಯನ್ನು ಇನ್ನೊಂದು ಸಲ ಮುಂದೆ ಹಿಡಿದರು.

“ನಾವು ಸಂಜೆ ಊರಿಗೆ ಹೋಗೋರು ಸಾರ್. ನಮಗೆ ಒಪ್ಪಿಸಿ ಏನು ಮಾಡ್ತೀರ? ಎಚ್‌ಒಡಿ ನೀವೇ ಅಲ್ವಾ, ನಿಮ್ಮ ಹತ್ರಾನೇ ಇರ್ಲಿ.”

ಚನ್ನವೀರಪ್ಪನವರು ಮನುವಿನ ಕಡೆ ತಿರುಗಿದರು. ಮನು ಕೈ ಜೋಡಿಸಿ, ಏನೂ ಮಾತಾಡಬೇಡಿ ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅಧ್ಯಕ್ಷರಿಗೆ ಆ ಮಗಳನ್ನು ನೋಡುವ ಆಸೆಯಾಗಿ, ಎಲ್ಲರೂ ಕ್ಲಾಸಿನ ಕಡೆ ಹೊರಟರು.

ಕ್ಲಾಸಿನಲ್ಲಿ ಹುಡುಗ ಹುಡುಗಿಯರು ಉಸಿರು ಬಿಗಿಹಿಡಿದು ಕೂತಿದ್ದರು. “ಇವರು ಯಾರು ಗೊತ್ತಾ?” ಎಂದು ಮೇಡಂ ಚನ್ನವೀರಪ್ಪನವರನ್ನು ತೋರಿಸಿ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೇಡಂ ಹುಬ್ಬು ಮೇಲೇರಿತು. ಆಗ ಮೂರನೇ ಬೆಂಚಿನಿಂದ ಶೈಲಶ್ರೀ ಎದ್ದು ನಿಂತಳು. ಅವಳು ಅಪ್ಪನನ್ನು ನೋಡಿದಳು, ಅಪ್ಪನ ಪಕ್ಕದ ಕಮಿಟಿಯನ್ನು ನೋಡಿದಳು, ಮನುವಿನ ಹಣೆಯಿಂದ ಇಳಿಯುತ್ತಿದ್ದ ಬೆವರನ್ನು ನೋಡಿದಳು. ಹುಡುಗಿ ಚುರುಕು. ಕಾಲೇಜು ಮುಳುಗಿದರೆ ತನ್ನ ಪಾಲಿಗೆ ಊರಿನ ಬಿ.ಎ. ಎಂಬುದು ಅವಳಿಗೆ ಹೊಳೆಯಿತು.

“ನಮ್ಮ ಅಪ್ಪ ಮೇಡಂ.”

“ಅದು ಗೊತ್ತಾಯ್ತಮ್ಮ. ಮೇಷ್ಟ್ರಾಗಿ ಹೇಗೆ?”

“ನಂಗೆ ಮಗ್ಗಿ ಕಲಿಸಿದವರೇ ಇವರು ಮೇಡಂ. ತಪ್ಪಿದ್ರೆ ಕಿವಿ ಹಿಂಡತಿದ್ರು.”

ಕ್ಲಾಸು ನಕ್ಕಿತು, ಮೇಡಂ ನಕ್ಕರು. ಅನುವಾದವಾದ ಮೇಲೆ ಅಧ್ಯಕ್ಷರೂ ನಕ್ಕು, ತಳಪಾಯ ಗಟ್ಟಿಯಿರಬೇಕೆಂಬ ಅರ್ಥದ ಒಂದು ಮಾತು ಹೇಳಿ, ಚನ್ನವೀರಪ್ಪನವರ ಕೈ ಕುಲುಕಿದರು. ಜ್ಞಾನಮುಕುಟ ಆ ಕೈಕುಲುಕಿನಲ್ಲಿ ಪಾಸಾಯಿತು.

ಕಮಿಟಿ ಉಳಿದ ಕೋಣೆಗಳನ್ನೆಲ್ಲ ನೋಡಿ ಮುಗಿಸಿ, ಅದರ ಕಾರು ಗೇಟು ದಾಟುತ್ತಿದ್ದಂತೆ ಮನು ಓಡಿಬಂದು ಚನ್ನವೀರಪ್ಪನವರನ್ನು ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. “ಸಾರ್, ಎಷ್ಟೋ ಜನರನ್ನ ಕರೆಸಿದೀನಿ. ನಿಮ್ಮಂಥ ಆ್ಯಕ್ಟಿಂಗ್ ನೋಡಿಲ್ಲ. ಮಗಳು ಅಂತ ಒಂದು ಹುಡುಗೀನೂ ರೆಡಿ ಮಾಡ್ಕೊಂಡು ಬಂದಿದ್ದೀರಲ್ಲ.”

ಅಷ್ಟು ಹೇಳುವಾಗ ಅವನ ಫೋನು ಹೊಡೆದುಕೊಂಡಿತು. ಮನು ಎತ್ತಿ ಕೇಳಿಸಿಕೊಂಡ. ಅವನ ಮುಖದ ನಗು ಮೆಲ್ಲಗೆ ಇಳಿಯಿತು. “ಬರಲಿಲ್ಲ ಅಂದ್ರೆ? ನೀವು ಇಲ್ಲೇ... ಮತ್ತೆ ಇಲ್ಲಿ ಕೂತಿರೋದು...” ಫೋನು ಇಟ್ಟು ಚನ್ನವೀರಪ್ಪನವರನ್ನು ದಿಟ್ಟಿಸಿದ. ಬರಬೇಕಾಗಿದ್ದ ಎಲೆಕ್ಟ್ರಾನಿಕ್ಸ್ ಪಿಎಚ್‌ಡಿ ಮಹನೀಯರು ಅದೇ ದಿನ ಕಮಿಟಿ ಬಂದ ಇನ್ನೊಂದು ಕಾಲೇಜಿಗೆ ಹೋಗಿಬಿಟ್ಟಿದ್ದರಂತೆ.

“ನೀವ್ಯಾರು ಸಾರ್?”

“ಶೈಲಶ್ರೀ ಅಪ್ಪ ರೀ. ಬೆಳಿಗ್ಗಿಂದ ಅದನ್ನ ಹೇಳಾಕ ಹತ್ತೀನಿ.”

ಮನು ಈಚೆಯ ಸಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಕೆಟ್ಟ ಹುಡುಗನಲ್ಲ, ಎಲ್ಲವನ್ನೂ ಬಿಚ್ಚಿ ಹೇಳಿದ. ವ್ಯಾನಿನಲ್ಲಿದ್ದವರು ಅಪ್ಪಂದಿರಲ್ಲ, ಒಂದು ದಿನದ ಮೇಷ್ಟ್ರುಗಳು. ಸಣಕಲು ಮನುಷ್ಯ ಹೇಳಿದ ಆರೇಳು ಮಕ್ಕಳಲ್ಲ, ಕಮಿಟಿಗಳು.

“ಹಂಗಾದ್ರ ಖರೇ ಎಚ್‌ಒಡಿ ಯಾರು?”

“ಇವತ್ತಿಗೆ ನೀವೇ ಸಾರ್.”

“ನಾಳಿಗೆ?”

“ಪೇಪರಲ್ಲಿ ಆಡ್ ಕೊಟ್ಟಿದ್ದೀವಿ. ಮುಂದಿನ ತಿಂಗಳೊಳಗೆ ಗ್ಯಾರಂಟಿ ಬರ್ತಾರೆ. ನನ್ನ ತಂಗೀನೂ ಇಲ್ಲೇ ಓದ್ತಿದ್ದಾಳೆ ಸಾರ್, ಸುಳ್ಳು ಹೇಳಲ್ಲ.”

ಚನ್ನವೀರಪ್ಪನವರು ಕಾಯಿ ಬೆಲ್ಲವನ್ನು ತಿರುಗಿ ಕೈಚೀಲಕ್ಕೆ ತುಂಬಿದರು. ಊರೆಲ್ಲ ಹೇಳಿಕೊಂಡು ಬಂದ ಕಾಲೇಜಿನಲ್ಲಿ ‘ಆತು’ ಎನ್ನಲು ಒಬ್ಬ ಮೇಷ್ಟ್ರಿಲ್ಲ. ಮನು ಹೊರಗೆ ಹೋದ ಮೇಲೆ, ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶೈಲಶ್ರೀ ಒಳಗೆ ಬಂದಳು. “ಚೀಲ ಕಟ್ಟವಾ,” ಎಂದರು ಮಗಳ ಮುಖ ನೋಡದೆ. “ನಿಮ್ಮವ್ವಗ ಮಾತು ಕೊಟ್ಟೀನಿ. ಒಪ್ಪಿಸಾಕ ಇಲ್ಲಿ ಯಾರೂ ಇಲ್ಲ.”

“ಅಪ್ಪಾ, ಈ ಸೀಟು ಬಿಟ್ರ ಮತ್ತ ಸಿಗಾಂಗಿಲ್ಲ. ಮಾಸ್ತರು ಬರ್ತಾರಂತಲ್ಲ.”

“ಬಂದ ಮ್ಯಾಲ ನೋಡೂಣು.”

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಆದರೂ ಚನ್ನವೀರಪ್ಪನವರು ಎದ್ದು ನಿಂತರು. ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು.

ನಿಂತಿದ್ದವನು ಕೈಕಾಲು ಒರಟಾದ, ಒಗೆದ ಬಿಳಿ ಅಂಗಿಯ ಒಬ್ಬ ಮನುಷ್ಯ. ಅವನ ಹಿಂದೆ ಅದೇ ಯೂನಿಫಾರಮ್ಮಿನ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಶೈಲಶ್ರೀಯ ಪಕ್ಕದಲ್ಲೇ ಕೂತಿದ್ದವಳು. ಅವನು ಬಾಗಿಲ ಮೇಲಿನ ಬೋರ್ಡು ನೋಡಿದ, ಕೋಟು ನೋಡಿದ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

“ಶರಣ್ರೀ ಸಾಹೇಬ್ರ. ನಾನು ಈರಣ್ಣ ಅಂತ್ರಿ, ಲಿಂಗಸುಗೂರು ಕಡೆಯಾಂವ. ಇಲ್ಲೇ ಬಾಗಲಗುಂಟ್ಯಾಗ ರೂಮ್ ಮಾಡಿ ಗೌಂಡಿ ಕೆಲಸ ಮಾಡ್ತೀನ್ರಿ. ಈಕಿ ಮಗಳು ಶಾಂಭವಿ. ನಮ್ಮ ಕಡೆಯ ಸಾಹೇಬ್ರು ಎಚ್‌ಒಡಿ ಆಗ್ಯಾರ ಅಂತ ಈಕಿ ಫೋನ್ ಮಾಡಿದ್ಲು. ಕೆಲಸ ಬಿಟ್ಟು ಓಡಿ ಬಂದೆ ನೋಡ್ರಿ.”

“ಅಲ್ರೀ ಈರಣ್ಣ, ನಾನು ಎಚ್‌ಒಡಿ ಅಲ್ಲ.”

“ದೊಡ್ಡವರು ಹಿಂಗ ಅಂತೀರಿ.”

“ಖರೇನ ಹೇಳ್ತೀನಿ. ನಾ ಮಾಸ್ತರಲ್ಲ. ಬರೇ ಒಬ್ಬ ಅಪ್ಪ ಅದೀನಿ.”

ಈರಣ್ಣನ ಮುಖ ಅರಳಿತು. “ಅಷ್ಟ ಸಾಕ್ರೀ ಸಾಹೇಬ್ರ. ಮಾಸ್ತರು ಎಲ್ಲಾ ಕಡೆ ಸಿಗತಾರ. ಅಪ್ಪ ಇದ್ದಂಗ ಇರ್ತೀನಿ ಅಂತ ಹೇಳೋರು ಎಲ್ಲಿ ಸಿಗಬೇಕು?” ಎಂದು ಪ್ಲಾಸ್ಟಿಕ್ ಚೀಲದಿಂದ ಕಾಯಿ, ಎಲೆ ಅಡಿಕೆ ತೆಗೆದು ಅವರ ಕೈಗಿಟ್ಟ. ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿದ. “ಇನ್ನ ಇದು ನಿಮ್ಮ ಕೂಸು.”

ಇದನ್ನು ಕೇಳಿದ ಮೇಲೆ ಏನು ಹೇಳಬೇಕೆಂಬುದು ಚನ್ನವೀರಪ್ಪನವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ‘ಇಲ್ಲ’ ಎನ್ನುವ ಪದ್ಧತಿ ಅವರ ಸೀಮೆಯಲ್ಲಿ ಇರಲಿಲ್ಲ. ಅವರು ಶಾಂಭವಿಯನ್ನು ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ಶೈಲಶ್ರೀಯನ್ನು ನೋಡಿದರು, ಈರಣ್ಣನ ಸಿಮೆಂಟು ಮೆತ್ತಿದ ಉಗುರುಗಳನ್ನು ನೋಡಿದರು. ತನ್ನ ಮಗಳನ್ನು ಕರೆದುಕೊಂಡು ಹೋದರೆ ಈ ಹುಡುಗಿಯನ್ನು ಯಾರ ಕೈಗೆ ಕೊಟ್ಟು ಹೋಗುವುದು?

“ಆತು,” ಎಂದರು.

ಈರಣ್ಣ ಕಣ್ಣಿಗೆ ಕೈ ಒತ್ತಿಕೊಂಡ. ಮಗಳಿಗೆ ಹತ್ತಿರದಲ್ಲೇ ಒಂದು ರೂಮು ಸಿಕ್ಕಿದ್ದರೆ ಬಸ್ಸಿನಲ್ಲಿ ಅಲೆಯುವುದು ತಪ್ಪುತ್ತಿತ್ತು, ವಾರಕ್ಕೊಮ್ಮೆ ನಾನೇ ಬಂದು ನೋಡಿಕೊಂಡು ಹೋಗುತ್ತಿದ್ದೆ ಎಂದ. “ನನ್ನ ಮಗಳ ರೂಮಿನ್ಯಾಗ ಇರ್ಲಿ,” ಎಂದರು ಚನ್ನವೀರಪ್ಪನವರು. “ನೀವು ಬಂದಾಗ ನಮ್ಮಾಕಿನ್ನೂ ಒಂದೀಟು ಮಾತಾಡಿಸ್ರಿ.”

ಸಂಜೆಯ ಹೊತ್ತಿಗೆ ಸುದ್ದಿ ಜೆರಾಕ್ಸ್ ಅಂಗಡಿಗಳನ್ನೆಲ್ಲ ಹಾದು ಆಂಜಿನಪ್ಪನ ಮನೆ ತಲುಪಿತ್ತು. ಎಚ್‌ಒಡಿ ಸಾರ್ ಬೇರೆಲ್ಲೂ ಅಲ್ಲ, ತನ್ನ ಮಹಡಿಯ ಮೇಲೇ ಇಳಿದಿದ್ದಾರೆ ಎಂಬುದು ಅವನಿಗೆ ಸೈಟಿನ ಬೆಲೆ ಏರಿದಷ್ಟು ಹೆಮ್ಮೆ ತಂದಿತ್ತು. ಅಪ್ಪ ಮಗಳು ಗೇಟಿನೊಳಗೆ ಕಾಲಿಡುವ ಮೊದಲೇ ಬೀಗದ ಕೈ ತಂದು ಎರಡೂ ಕೈಯಲ್ಲಿ ಕೊಟ್ಟ. ಬೆಳಿಗ್ಗೆ ನೀರು ಬಿಡುವ ಹೊತ್ತು, ರಾತ್ರಿ ಗೇಟು ಹಾಕುವ ಹೊತ್ತು, ಗೋಡೆಗೆ ಮೊಳೆ ಹೊಡೆಯಬಾರದೆಂಬ ಕಟ್ಟಳೆ ಎಲ್ಲವೂ ಎಲ್ಲಿಗೋ ಹೋದವು.

“ನೆನ್ನೆ ಏಳ್ಬಾರ್ದಾ ಸಾರ್? ಎಸ್ರು ಕೇಳಿದ್ಕೆ ನಾಳೆ ಅಂದ್ರಿ. ಎಂತಾ ಸರಳ ಮನುಸ್ರು ನೀವು.”

“ಆಂಜಿನಪ್ಪನವರ, ನಾನು ಎಚ್‌ಒಡಿ ಅಲ್ಲ.”

“ಕಮಿಟಿಯೋರೇ ಒಪ್ಪವ್ರೆ, ನೀವು ಅಲ್ಲ ಅಂದ್ರಾಯ್ತಾ?”

ಚನ್ನವೀರಪ್ಪನವರು ಆ ಮಾತು ಬಿಟ್ಟು ರೂಮಿನ ಮಾತಿಗೆ ಬಂದರು. ಇನ್ನೊಂದು ಹುಡುಗಿಯೂ ಬರುತ್ತಾಳೆ ಎಂದದ್ದಕ್ಕೆ ಆಂಜಿನಪ್ಪ, ನಾಕು ಬಂದ್ರೂ ಬರ್ಲಿ ಎಂದ. ಭಾಗ್ಯಮ್ಮ ಮಾತ್ರ ಕೋಟನ್ನು ನೋಡದೆ ಹುಡುಗಿಯನ್ನು ನೋಡಿ, “ಏನಾರ ತಿಂದ್ಯಾ ಮಗ?” ಎಂದು ಕೇಳಿ ಒಳಗೆ ಕರೆದೊಯ್ದಳು.

ಚನ್ನವೀರಪ್ಪನವರು ಮಹಡಿಯ ಮೆಟ್ಟಿಲ ಮೇಲೆ ಕೂತು, ಮುಂದೂಡಲು ಇನ್ನು ನೆಪವಿಲ್ಲವೆಂದು ಖಾತ್ರಿಯಾದ ಮೇಲೆ, ಊರಿಗೆ ಫೋನು ಹಚ್ಚಿದರು.

“ಒಪ್ಪಿಸಿದ್ರಿ?” ಎಂದಳು ಸಿದ್ದಕ್ಕ, ಹಲೋ ಎನ್ನುವ ಮೊದಲೇ.

“ಒಪ್ಪಿಸಿದೆ.”

“ಯಾರಿಗೆ?”

“ಎಚ್‌ಒಡಿಗೆ. ದೊಡ್ಡ ಮಾಸ್ತರು.”

“ಮನುಷ್ಯಾ ಹೆಂಗದಾನ?”

ಚನ್ನವೀರಪ್ಪನವರು ಕೊಂಚ ಯೋಚಿಸಿದರು. ಹೆಂಡತಿಗೆ ಸುಳ್ಳು ಹೇಳಿ ಅವರಿಗೆ ರೂಢಿಯಿರಲಿಲ್ಲ. “ಅಷ್ಟೇನ್ ಶಾಣ್ಯಾ ಅಲ್ಲ. ಆದ್ರ ಹುಡುಗೂರ ಮ್ಯಾಲ ಜೀವ ಐತಿ.”

ಆ ಕಡೆ ಸಿದ್ದಕ್ಕ ಏನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಆಂಜಿನಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. “ಎಚ್‌ಒಡಿ ಸಾರ್, ಕಾಪಿ ತಣ್ಣಗಾಗ್ತದೆ, ಬನ್ನಿ.”

“ಯಾರದು? ಎಚ್‌ಒಡಿ ಸಾಹೇಬ್ರು ಅಲ್ಲೇ ಅದಾರೇನು?” ಎಂದಳು ಸಿದ್ದಕ್ಕ. “ಅವರ ಕೈಯಾಗ ಫೋನ್ ಕೊಡ್ರಿ. ಅವರ ಬಾಯಿಲೆ ‘ಆತು’ ಅನ್ನಿಸಬೇಕು ನನಗ.”

“ಅವ್ರು ಕಾಫಿ ಕುಡಿಯಾಕ...”

“ಕೊಡ್ರಿ ಅಂದ್ರ ಕೊಡ್ರಿ.”

ಚನ್ನವೀರಪ್ಪನವರು ಫೋನನ್ನು ಎಡಗಿವಿಯಿಂದ ತೆಗೆದರು. ಅತ್ತಿತ್ತ ನೋಡಿದರು. ಮೆಟ್ಟಿಲ ಕೆಳಗೆ ಶೈಲಶ್ರೀ ತಟ್ಟೆ ಹಿಡಿದು, ತಿನ್ನುವುದನ್ನು ನಿಲ್ಲಿಸಿ, ಮೇಲೆ ನೋಡುತ್ತಿದ್ದಳು. ಅವರು ಫೋನನ್ನು ಬಲಗಿವಿಗೆ ಇಟ್ಟುಕೊಂಡು, ದನಿಯನ್ನು ಆದಷ್ಟು ಕೆಳಗಿಳಿಸಿ, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ ಹೇಳಿದರು. “ನಮಸ್ಕಾರ ತಾಯಿ. ತಮ್ಮ ಮಗಳನ್ನು ಸ್ವಂತ ಮಗಳಂತೆ ನೋಡಿಕೊಳ್ಳುತ್ತೇನೆ. ಆತು.”

ಆ ಕಡೆ ಬಳೆಗಳ ಸದ್ದಾಯಿತು.

“ಸಾಹೇಬ್ರ,” ಎಂದಳು ಸಿದ್ದಕ್ಕ. ದನಿ ಒದ್ದೆಯಾಗಿತ್ತೋ, ನಗುತ್ತಿತ್ತೋ ಹೇಳಲಾಗದು. “ಬಿಪಿ ಗುಳಿಗಿ ನುಂಗೀರೇನು?”

ಚನ್ನವೀರಪ್ಪನವರ ಕೈ ಅವರಿಗೆ ಗೊತ್ತಿಲ್ಲದೆಯೇ ಅಂಗಿಯ ಜೇಬಿಗೆ ಹೋಯಿತು. “ಇಲ್ಲ,” ಎಂದರು ಎಚ್‌ಒಡಿ.

“ಉಂಡು ನುಂಗ್ರಿ. ನೀವು ನಾಳಿ ಬಸ್ಸಿಗೆ ಊರಿಗೆ ಬರ್ರಿ. ಹುಡುಗಿ ಅಲ್ಲೇ ಇರ್ಲಿ.”